ರೀಡಿಂಗ್ ಎಲ್ಲಿಂದ ಬಂತು ಎಂದು ಕೇಳೋಣ

ಮನೆ ಪಕ್ಕ ಹೈಟೆನ್ಷನ್ ಲೈನ್ ಹೋದರೆ ಕ್ಯಾನ್ಸರ್ ಬರುತ್ತದೆ ಎನ್ನುವವರಿದ್ದಾರೆ. ಅದೆಲ್ಲ ಬರೀ ಸುಳ್ಳು ಎನ್ನುವವರೂ ಇದ್ದಾರೆ. ಬಿಇ ಓದುತ್ತಿರುವ ನನಗೆ ಇಬ್ಬರನ್ನೂ ಕೇಳಬೇಕೆನಿಸುವುದು ಒಂದೇ ಪ್ರಶ್ನೆ: ಅಳೆದದ್ದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಕರೆಂಟಿನಿಂದ ಹುಟ್ಟುವ ಕಡಿಮೆ ಆವರ್ತನದ ಕಾಂತಕ್ಷೇತ್ರವನ್ನು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಮಕ್ಕಳ ರಕ್ತಕ್ಯಾನ್ಸರ್ ಕುರಿತ ಸಮೀಕ್ಷೆಗಳಲ್ಲಿ ಸಣ್ಣ ನಂಟು ಕಂಡಿತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸಾಕಷ್ಟು ಪುರಾವೆ ಸಿಗಲಿಲ್ಲ. ಹಾಗಾಗಿ ಪ್ರಯೋಗಾಲಯದ ಅಳತೆಗೆ ಇಷ್ಟು ಮಹತ್ವ.

ಅಲ್ಲಿ ಜೀವಕೋಶಗಳನ್ನು ಇನ್‌ಕ್ಯುಬೇಟರ್‌ನಲ್ಲಿಟ್ಟು, ಎರಡು ಕಾಯಿಲ್‌ಗಳ ನಡುವೆ ಬರುವಂತೆ ಮಾಡಿ 50 ಹರ್ಟ್ಸ್ ಕರೆಂಟ್ ಹರಿಸುತ್ತಾರೆ. ಕಾಯಿಲ್‌ಗಳ ಅಂತರ ಅವುಗಳ ತ್ರಿಜ್ಯದಷ್ಟೇ ಇದ್ದರೆ ನಡುಭಾಗದ ಕ್ಷೇತ್ರ ಹೆಚ್ಚುಕಡಿಮೆ ಒಂದೇ ಸಮ. ಇದೇ ಹೆಲ್ಮ್‌ಹೋಲ್ಟ್ಸ್ ಕಾಯಿಲ್. ಸೂತ್ರ ಹಾಕಿದರೆ ಉತ್ತರ ಸಿಗುತ್ತದೆ, ನಿಜ. ಆದರೆ ಇನ್‌ಕ್ಯುಬೇಟರ್‌ನ ಹೀಟರ್, ಫ್ಯಾನ್ ತಮ್ಮದೇ ಕ್ಷೇತ್ರ ಹುಟ್ಟಿಸುತ್ತವೆ. ಕಬ್ಬಿಣದ ಭಾಗಗಳು ಅದನ್ನು ತಿರುಚುತ್ತವೆ. ಮೇಲಿನ ತಟ್ಟೆಯಲ್ಲಿ ಒಂದು ರೀಡಿಂಗ್, ಕೆಳಗಿನದರಲ್ಲಿ ಇನ್ನೊಂದು. ಕಾಯಿಲ್ ಬಿಸಿಯಾದರೆ ಕೋಶ ಬದಲಾದದ್ದು ಕ್ಷೇತ್ರದಿಂದಲೋ ಶಾಖದಿಂದಲೋ? ಅದಕ್ಕೇ ಎಚ್ಚರದ ಸಂಶೋಧಕರು ಎರಡು ತಂತಿಗಳನ್ನು ಜೊತೆಯಾಗಿ ಸುತ್ತುತ್ತಾರೆ. ಹೋಲಿಕೆಗೆ ಇಟ್ಟ ಕೋಶಗಳ ಕಾಯಿಲ್‌ನಲ್ಲಿ ಆ ತಂತಿಗಳಿಗೆ ವಿರುದ್ಧ ದಿಕ್ಕಿನಲ್ಲಿ ಕರೆಂಟ್ ಕೊಡುತ್ತಾರೆ. ಆಗ ಶಾಖ ಅಷ್ಟೇ ಇರುತ್ತದೆ, ಕ್ಷೇತ್ರ ಮಾತ್ರ ಬಹುತೇಕ ಸೊನ್ನೆ. ಕೋಶಗಳಿರುವ ಜಾಗದಲ್ಲೇ, ಕಾಯಿಲ್ ಆನ್ ಇದ್ದಾಗಲೂ ಆಫ್ ಇದ್ದಾಗಲೂ, ಮೂರೂ ದಿಕ್ಕಿನಲ್ಲಿ ಅಳೆಯದೆ ಬರೆದ ಫಲಿತಾಂಶವನ್ನು, ಅದು ಭಯ ಹುಟ್ಟಿಸಲಿ, ಸಮಾಧಾನ ಹೇಳಲಿ, ನಂಬುವುದು ಹೇಗೆ?

ಲೈನ್ ಕೆಳಗೆ ಮೊಬೈಲ್ ಆ್ಯಪ್ ಹಿಡಿದು ‘40 ಮೈಕ್ರೊಟೆಸ್ಲಾ’ ಎಂದು ಗಾಬರಿಪಡುವವರಿಗೂ ಇದೇ ಮಾತು. ಕರ್ನಾಟಕದಲ್ಲಿ ಭೂಮಿಯ ಕಾಂತಕ್ಷೇತ್ರವೇ ಸುಮಾರು ಅಷ್ಟಿದೆ. ಮೊಬೈಲ್ ಸೆನ್ಸರ್ ಇರುವುದು ದಿಕ್ಸೂಚಿಗಾಗಿ. ಸಮೀಕ್ಷೆಗಳಲ್ಲಿ ಚರ್ಚೆಯಾದದ್ದು 0.4 ಮೈಕ್ರೊಟೆಸ್ಲಾ ಆಸುಪಾಸಿನ, ಸೆಕೆಂಡಿಗೆ 50 ಸಲ ಏರಿಳಿಯುವ ಕ್ಷೇತ್ರ. ಎರಡೂ ಬೇರೆ ಬೇರೆ.

ನಮ್ಮ ಲ್ಯಾಬ್‌ಗಳಲ್ಲಿ ಸೀನಿಯರ್ ರೆಕಾರ್ಡ್‌ಗೆ ತಾಳೆಯಾಗುವ ರೀಡಿಂಗಿಗೆ ಮಾರ್ಕ್ಸ್ ಸಿಗುತ್ತದೆ. ತಾಳೆಯಾಗದ್ದು ಯಾಕೆಂದು ಹುಡುಕಿದವರಿಗೆ ಸಿಗುವುದು ಕಡಿಮೆ. ಇದು ತಿರುವುಮುರುವಾಗಬೇಕು. ವೈವಾದಲ್ಲಿ ಮೊದಲ ಪ್ರಶ್ನೆ ‘ಮೀಟರ್ ಸರಿಯಿದೆ ಎಂದು ಹೇಗೆ ಗೊತ್ತು?’ ಎಂದಾಗಲಿ. ನಾಳೆ ಟೆಸ್ಟಿಂಗ್ ಕೆಲಸಕ್ಕೆ ಸೇರಿ ನಾವು ಸಹಿ ಹಾಕುವ ರಿಪೋರ್ಟ್ ನಂಬಿಯೇ ಯಾರೋ ಮನೆ ಕಟ್ಟುತ್ತಾರೆ, ಇಲ್ಲವೇ ಮನೆ ಬಿಡುತ್ತಾರೆ.