ಮುಂದಿನ ಮೆಟ್ಟಲು ಯಾವುದು?

ಹೋದ ಭಾನುವಾರ ನನ್ನ ತಂಗಿಯ ಮಗ ಹಿಂಜವಡಿಯಿಂದ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ. ತಾಟಿನ ಮುಂದೆ ಕೂಡುವ ಮೊದಲೇ, "ಮಾಮಾ, ನನ್ನ ಸಿಸಿಎನ್ಎ ಇನ್ನ ನಾಲ್ಕ ತಿಂಗಳಿಗೆ ಮುಗೀತದ. ಮುಂದ ಯಾವ ಪರೀಕ್ಷಾ ಕಟ್ಟಲಿ?" ಎಂದ. ಹಿರಿಯ ವಾಚಕರಿಗೆ ಇದು ಒಡಪಿನಂತೆ ಕೇಳಿಸೀತು. ಗಣಕಯಂತ್ರಗಳ ಜಾಲವನ್ನು ಕಟ್ಟಿ ನಡೆಸುವ ವಿದ್ಯೆಗೆ ಸಿಸ್ಕೋ ಕಂಪನಿ ಕೊಡುವ ಪ್ರಮಾಣಪತ್ರವದು. ಅದರ ಆಯುಸ್ಸು ಮೂರೇ ವರುಷ. ನಮ್ಮ ಮೆಟ್ರಿಕ್ ಸರ್ಟಿಫಿಕೇಟಿಗೆ ಒಮ್ಮೆ ಕಟ್ಟು ಹಾಕಿಸಿದರೆ ತೀರಿತು, ಸಾಯುವ ತನಕ ಗೋಡೆಯ ಮೇಲಿರುತ್ತಿತ್ತು!

ಹುಡುಗನ ಮನಸ್ಸು ಸಿಸಿಐಇಯ ಮೇಲೆ. 1993ರಲ್ಲಿ ಹುಟ್ಟಿದ ಆ ಬಿರುದಿಗೆ ಅವರ ವೃತ್ತಿಯಲ್ಲಿ ಇಂದಿಗೂ ಬಲು ಮರ್ಯಾದೆ. ಎಂಟು ಗಂಟೆ ಕುಳಿತು ಪ್ರಯೋಗ ಮಾಡಿ ತೋರಿಸಬೇಕು. ಶುಲ್ಕ ಒಂದು ಸಲಕ್ಕೆ 1600 ಡಾಲರಿಗೆ ಕಡಿಮೆಯಿಲ್ಲ. ಅವನ ಮೇಲಧಿಕಾರಿ ಅಮೆಜಾನಿನ ಕ್ಲೌಡ್ ಪರೀಕ್ಷೆಗೆ ಕೂಡು ಎನ್ನುತ್ತಾನೆ. ಹೆಂಡತಿ ಮಾತ್ರ ಏನೂ ಅನ್ನುವುದಿಲ್ಲ. ಅನ್ನದಿರುವುದಕ್ಕೂ ಕಾರಣವುಂಟು: ಕೂಡಿಟ್ಟ ಹಣ ಮಗಳನ್ನು ಶಾಲೆಗೆ ಸೇರಿಸಲೆಂದು ಇಟ್ಟದ್ದು.

"ಆಫೀಸಿನೊಳಗ ನಿನ್ನ ಕೈ ನಡುಗೋದು ಯಾವಾಗ?" ಎಂದು ಕೇಳಿದೆ. ಹುಳಿಯಲ್ಲಿ ಅನ್ನ ಕಲಸುತ್ತ ಸುಮ್ಮನೆ ಕುಳಿತ. ಆಮೇಲೆ ಹೇಳಿದ. ಒಂದು ರಾತ್ರಿ ಎರಡು ಊರುಗಳ ನಡುವಿನ ಸಂಪರ್ಕ ಕಡಿದುಹೋಗಿ, ಹಿರಿಯನೊಬ್ಬ ಫೋನಿನಲ್ಲಿ ಹೇಳಿದ್ದನ್ನು ಇವನು ಅಕ್ಷರಶಃ ಬೆರಳಚ್ಚು ಮಾಡಿದನಂತೆ. ಸಂಪರ್ಕ ಮರಳಿತು, ಶಾಭಾಸ್‌ಗಿರಿಯೂ ಸಿಕ್ಕಿತು. "ಖರೇ ಹೇಳಬೇಕಂದ್ರ ಮಾಮಾ, ಬಿಜಿಪಿ ನನಗ ತಿಳಿದೇ ಇಲ್ಲ. ಆ ಮನಿಷ್ಯಾ ಈಗ ಕೆಲಸಾ ಬಿಟ್ಟು ಹೋಗ್ಯಾನ."

ಬಿಜಿಪಿ ಎಂದರೆ ಒಂದು ಜಾಲವು ಇನ್ನೊಂದಕ್ಕೆ, ಇಂಥಿಂಥ ವಿಳಾಸಗಳಿಗೆ ನನ್ನ ಮುಖಾಂತರ ದಾರಿಯುಂಟು ಎಂದು ಸಾರುವ ಕಟ್ಟಳೆ. ಅಮೆಜಾನಿನ ಕ್ಲೌಡಿಗೆ ಆಫೀಸಿನಿಂದ ಸ್ವಂತ ತಂತಿ ಎಳೆದರೂ ಅಲ್ಲಿ ಇದೇ ಬೇಕು. ಅದು ತಿಳಿಯದೆ ಕ್ಲೌಡಿನ ಪರೀಕ್ಷೆ ಕಟ್ಟುವುದು ನನಗೆ ಸರಿತೋರಲಿಲ್ಲ.

ಆದುದರಿಂದ ಸಿಸಿಎನ್‌ಪಿಯೇ ಸರಿ ಎಂದೆ. ಅದಕ್ಕೆ ಎರಡು ಪರೀಕ್ಷೆ. ಎನ್‌ಕೋರ್ ಎಂಬ ಮೊದಲನೆಯದಕ್ಕೆ 400 ಡಾಲರು. ಎರಡನೆಯ ವಿಷಯವನ್ನು ನಾವೇ ಆರಿಸಬಹುದು, ಅದಕ್ಕೆ 300. ಎನ್‌ಕೋರ್ ಒಂದೇ ಪಾಸಾದರೂ ಸಿಸಿಎನ್ಎ ನವೀಕರಣವಾಗುತ್ತದೆ. ಸಿಸಿಐಇಯ ಪ್ರಯೋಗಕ್ಕೆ ಕೂಡುವ ಅರ್ಹತೆಯೂ ಅದರಿಂದಲೇ. ಎಂದರೆ ಹುಡುಗ ತನ್ನ ಆಸೆಯನ್ನೇನೂ ಬಿಟ್ಟಂತಾಗಲಿಲ್ಲ. ಎರಡನೆಯದಕ್ಕೆ ಎನಾರ್ಸಿ ತಕ್ಕೋ ಎಂದೆ; ಬಿಜಿಪಿ ಕೆಟ್ಟಾಗ ಸರಿಪಡಿಸುವುದನ್ನು ಅದರಲ್ಲಿ ಕೆದಕಿ ಕೇಳುತ್ತಾರೆ. (ಇಷ್ಟೆಲ್ಲ ನನಗೆ ಹೇಗೆ ಗೊತ್ತೆಂದು ಕೇಳಬೇಡಿರಿ. ಪಿಂಚಣಿದಾರನಿಗೆ ಓದಲು ಹೊತ್ತು ಬಹಳ.)

ಎರಡರ ಹಣವನ್ನೂ ಒಮ್ಮೆಲೇ ಕಟ್ಟಬೇಡವೆಂದು ಒಳಗಿನಿಂದ ನನ್ನಾಕೆ ಕೂಗಿ ಹೇಳಿದಳು. ಆ ಮಾತು ನನಗೆ ಹೊಳೆದಿರಲಿಲ್ಲ. ಮೊದಲನೆಯದು ಗಣೇಶ ಚೌತಿ ಮುಗಿದ ಮೇಲೆ. ಎರಡನೆಯದರ ಮಾತು ಮಗಳ ಶಾಲೆಯ ಫೀ ಕಟ್ಟಿದ ಬಳಿಕ.