ಗತ್ತಿನ ನಾಯಿ ಅಕಿಟ

ನಾಯಿ ಎಂದೊಡನೆ ಬಾಲ ಅಲ್ಲಾಡಿಸುತ್ತ, ಬಂದವರ ಮೈಮೇಲೆಲ್ಲ ಹಾರುವ ಪ್ರಾಣಿಯೇ ಮಕ್ಕಳ ಕಣ್ಣಿಗೆ ಕಟ್ಟುತ್ತದೆ. ಜಪಾನಿನ ಅಕಿಟ ತಳಿ ಈ ಚಿತ್ರಕ್ಕೆ ಒಗ್ಗುವುದಿಲ್ಲ. ಅದಕ್ಕೆ ಗತ್ತು ಹೆಚ್ಚು, ಬೊಗಳುವುದು ಕಡಿಮೆ. ಮನೆಯವರೆಂದರೆ ಪ್ರಾಣ, ಹೊರಗಿನವರು ಎಷ್ಟೇ ಮುದ್ದು ಮಾಡಿ ಕರೆದರೂ ಹತ್ತಿರ ಸುಳಿಯದು.

ಈ ಸ್ವಭಾವಕ್ಕೆ ಕಾರಣ ಅದರ ಹುಟ್ಟೂರಿನಲ್ಲಿದೆ. ಹೊನ್ಶು ದ್ವೀಪದ ಉತ್ತರ ಭಾಗದಲ್ಲಿ ಅಕಿಟ ಪ್ರಾಂತ್ಯವಿದೆ. ಬೆಟ್ಟಗಾಡು, ಚಳಿಗಾಲದಲ್ಲಿ ವಿಪರೀತ ಹಿಮ. ಅಲ್ಲಿನ ಮತಗಿ ಎಂಬ ಬೇಟೆಗಾರರು ಈ ನಾಯಿಯ ಪೂರ್ವಜರನ್ನು ಕರಡಿ, ಕಾಡುಹಂದಿಗಳ ಬೇಟೆಗೆ ಒಯ್ಯುತ್ತಿದ್ದರು. ಬೇಟೆಗಾರ ಬಂದು ಮುಟ್ಟುವವರೆಗೆ ಕರಡಿಯನ್ನು ತಡೆದು ನಿಲ್ಲಿಸುವುದು ನಾಯಿಯ ಕೆಲಸ. ಅಲ್ಲಿ ಯಜಮಾನನ ಅಪ್ಪಣೆಗಾಗಿ ಕಾಯುತ್ತ ಕೂತರೆ ಪ್ರಾಣಕ್ಕೇ ಸಂಚಕಾರ. ತಾನೇ ನಿರ್ಧರಿಸುವ ನಾಯಿಗಳೇ ಉಳಿದವು, ಅವುಗಳ ಮರಿಗಳೇ ಬೆಳೆದವು. ಇಂದಿಗೂ ಅಕಿಟಕ್ಕೆ 'ಕೂತ್ಕೋ' ಎಂದರೆ ಒಮ್ಮೆ ಯೋಚಿಸಿ ಕೂರುತ್ತದೆ, ದಡ್ಡತನವೆಂದು ಭಾವಿಸಬಾರದು. ಮುಂದೆ ಓಡಾಟೆ ಪಟ್ಟಣದ ಸುತ್ತಮುತ್ತ ನಾಯಿಕಾಳಗ ಬೆಳೆದಾಗ ದೈತ್ಯ ತಳಿಗಳೊಡನೆ ಇದನ್ನು ಬೆರೆಸಿದರು. ಮೂಲ ತಳಿಯೇ ಅಳಿಯುವ ಭಯ ಹುಟ್ಟಿ, 1931ರಲ್ಲಿ ಜಪಾನ್ ಸರ್ಕಾರ ಅಕಿಟವನ್ನು ನೈಸರ್ಗಿಕ ಸ್ಮಾರಕವೆಂದು ಸಾರಿತು.

ಹಚಿಕೊ ಕಥೆ ಅನೇಕರಿಗೆ ಗೊತ್ತು. 1923ರಲ್ಲಿ ಓಡಾಟೆಯ ಬಳಿ ಹುಟ್ಟಿದ ಮರಿ ಅದು. ಟೋಕಿಯೊ ವಿಶ್ವವಿದ್ಯಾಲಯದ ಕೃಷಿ ಪ್ರಾಧ್ಯಾಪಕ ಉಯೆನೊ ಹಿದೆಸಬುರೊ ಅದನ್ನು ಸಾಕಿದರು. 1925ರ ಮೇ 21ರಂದು ಕೆಲಸದ ನಡುವೆಯೇ ಅವರು ತೀರಿಕೊಂಡರು. ನಾಯಿಯೂ ಯಜಮಾನನೂ ಒಟ್ಟಿಗಿದ್ದುದು ಒಂದೂವರೆ ವರ್ಷವೂ ಇಲ್ಲ. ಆಮೇಲೆ ಆ ಮನೆ ಈ ಮನೆ ಅಲೆದು, ಕೊನೆಗೆ ಪ್ರಾಧ್ಯಾಪಕರ ಹಳೆಯ ತೋಟಗಾರನ ಮನೆ ಸೇರಿದ ಹಚಿಕೊ 1935ರ ಮಾರ್ಚ್ 8ರಂದು ಸಾಯುವವರೆಗೂ ಶಿಬುಯ ರೈಲು ನಿಲ್ದಾಣಕ್ಕೆ ಬಂದು ಕಾಯುತ್ತಿತ್ತು. ತಿಂಡಿಯ ಆಸೆಗೆ ಬರುತ್ತಿತ್ತೆಂದು ವಾದಿಸುವವರೂ ಉಂಟು. ಆದರೆ ಜನ ಪ್ರೀತಿಯಿಂದ ಉಣಿಸತೊಡಗಿದ್ದು 1932ರಲ್ಲಿ ಪತ್ರಿಕೆಯಲ್ಲಿ ಅದರ ಸುದ್ದಿ ಬಂದ ಮೇಲೆ. ಅದಕ್ಕೂ ಮುಂಚೆ ನಿಲ್ದಾಣದಲ್ಲಿ ಅದಕ್ಕೆ ಸಿಗುತ್ತಿದ್ದುದು ಹೆಚ್ಚಾಗಿ ಬೈಗುಳ, ಏಟು. ಅದರ ಹೃದಯ, ಶ್ವಾಸಕೋಶಗಳಲ್ಲಿ ಕ್ಯಾನ್ಸರ್ ಇತ್ತೆಂದು ಟೋಕಿಯೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ತಿಳಿಸಿದರು.

ಹೆಲೆನ್ ಕೆಲ್ಲರ್ 1937ರಲ್ಲಿ ಜಪಾನಿಗೆ ಹೋದಾಗ ಅವರಿಗೂ ಒಂದು ಅಕಿಟ ಮರಿ ಉಡುಗೊರೆಯಾಗಿ ಬಂತು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ಇನ್ನಷ್ಟು ನಾಯಿಗಳನ್ನು ತಮ್ಮ ದೇಶಕ್ಕೆ ಒಯ್ದರು. ಅಲ್ಲಿ ಬೆಳೆದ ಅಮೆರಿಕನ್ ಅಕಿಟ ಇನ್ನೂ ದಪ್ಪ, ಇನ್ನೂ ಭಾರ.

ಸಿನಿಮಾ ನೋಡಿ ಅಂಥದೇ ಮರಿ ಬೇಕೆಂದು ಹಟ ಹಿಡಿಯುವ ಮಕ್ಕಳಿದ್ದಾರೆ. ಹಚಿಕೊ ಕಥೆಯಲ್ಲಿ ಕಾಣಿಸದ ಸಂಗತಿಗಳು ತಂದೆತಾಯಿಗಳಿಗೆ ತಿಳಿದಿರಬೇಕು. ಅಕಿಟಕ್ಕೆ ಬೇರೆ ನಾಯಿಗಳೆಂದರೆ, ಅದರಲ್ಲೂ ಗಂಡಿಗೆ ಗಂಡು, ಹೆಣ್ಣಿಗೆ ಹೆಣ್ಣು ನಾಯಿಯೆಂದರೆ, ಆಗದು. ಬೀದಿನಾಯಿಗಳಿರುವ ರಸ್ತೆಯಲ್ಲಿ 40 ಕಿಲೋಗ್ರಾಂ ತೂಗುವ ಗಂಡುನಾಯಿಯನ್ನು ಎಂಟನೇ ತರಗತಿಯ ಹುಡುಗ ಹಿಡಿದು ನಿಲ್ಲಿಸಲಾರ. ಮನೆಯ ಮಕ್ಕಳನ್ನು ಸಹಿಸಿಕೊಂಡರೂ, ಅವರ ಗೆಳೆಯರು ಬಂದು ಕೂಗಾಡಿ ಕುಸ್ತಿ ಹಿಡಿದರೆ ತನ್ನವರ ಮೇಲೆ ದಾಳಿಯಾಯಿತೆಂದು ತಿಳಿಯಬಹುದು. ಉಣ್ಣುವಾಗ ತಟ್ಟೆಗೆ ಕೈಹಾಕುವುದಂತೂ ಬೇಡವೇ ಬೇಡ. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗೆ ಮರಿಯ ಮಿದುಳು ಹೊಸ ಮುಖ, ಹೊಸ ಸದ್ದುಗಳನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆ ಅವಧಿಯಲ್ಲಿ ಪಶುವೈದ್ಯರ ಸಲಹೆಯಂತೆ ಲಸಿಕೆ ಹಾಕಿಸುತ್ತ, ನಾಲ್ಕು ಜನರ ನಡುವೆ ಬೆಳೆಸಬೇಕು. ಹೊಡೆದು ಕಲಿಸಲು ಹೊರಟರೆ ಈ ತಳಿ ತಿರುಗಿಬೀಳುತ್ತದೆ.

ಮತ್ತೊಂದು ಲೆಕ್ಕ. ಅಕಿಟ ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಎಂಟನೇ ತರಗತಿಯಲ್ಲಿ ತಂದ ಮರಿ ಮೂರು ನಾಲ್ಕು ವರ್ಷದ್ದಾಗುವ ಹೊತ್ತಿಗೆ ಹುಡುಗ ಹಾಸ್ಟೆಲಿಗೆ ಹೊರಟಿರುತ್ತಾನೆ. ಆಮೇಲೆ ದಿನಾ ವಾಕಿಂಗ್ ಕರೆದೊಯ್ಯುವವರು ಯಾರೆಂದು ಮರಿ ತರುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳುವುದು ಲೇಸು.

ಹವೆಯದೂ ತೊಡಕಿದೆ. ಅಕಿಟದ ಮೈಮೇಲೆ ಎರಡು ಪದರ ಕೂದಲು: ಹೊರಗೆ ಒರಟು, ಒಳಗೆ ಹತ್ತಿಯಂತೆ ದಟ್ಟ. ಕೂದಲ ನಡುವೆ ಸಿಕ್ಕಿಕೊಂಡ ಗಾಳಿ ಶಾಖದ ಅವಾಹಕ. ಹಿಮದಲ್ಲಿ ಅದೇ ಕಂಬಳಿ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಹೊರಚಾಚಿ ತೇಕಿದಾಗ ಬಾಯಿ, ಶ್ವಾಸನಾಳದ ತೇವ ಆವಿಯಾಗಿ ಮೈ ತಂಪಾಗಬೇಕು. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಇದು ಸಾಲದು. ಮಂಗಳೂರಿನ ಸೆಕೆಯಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಆವಿಯಾಗುವುದೂ ನಿಧಾನ. ಕೂದಲನ್ನು ಬೋಳಿಸಿಬಿಟ್ಟರಾಯಿತು ಎಂದುಕೊಳ್ಳುವವರಿದ್ದಾರೆ. ಹಾಗೆ ಮಾಡಿದರೆ ಬಿಸಿಲು ನೇರವಾಗಿ ಚರ್ಮಕ್ಕೇ ತಾಗುತ್ತದೆ. ವರ್ಷಕ್ಕೆರಡು ಬಾರಿ ಒಳಪದರ ತಾನಾಗಿಯೇ ಕಂತೆ ಕಂತೆಯಾಗಿ ಉದುರುತ್ತದೆ. ಆಗ ದಿನವೂ ಬಾಚಿ ತೆಗೆಯುವ ಕೆಲಸ, ಮತ್ತು ಗುಡಿಸುವ ಕೆಲಸ, ಬಹುಪಾಲು ಅಮ್ಮನ ಪಾಲಿಗೇ ಬರುತ್ತದೆ.