ಮದ್ದು, ತೋಟೆ, ಈಡು

ಕನ್ನಡದಲ್ಲಿ ಮದ್ದು ಎಂದರೆ ಜ್ವರಕ್ಕೆ ಕುಡಿಸುವುದೂ ಹೌದು, ಕೋವಿಗೆ ತುಂಬುವುದೂ ಹೌದು. ತಮಿಳರ ‘ಮರುಂದು’ವಿನ ಕಥೆಯೂ ಇದೇ. ಪ್ರಾಣ ಉಳಿಸುವುದಕ್ಕೂ ತೆಗೆಯುವುದಕ್ಕೂ ಒಂದೇ ಹೆಸರೇ ಎಂದು ವಾಚಕರು ಹುಬ್ಬೇರಿಸಬೇಕಾಗಿಲ್ಲ. ಎರಡನ್ನೂ ಅರೆಯಬೇಕು, ಎರಡನ್ನೂ ಅಳೆಯಬೇಕು. ಅಳತೆ ತಪ್ಪಿದರೆ ಎರಡೂ ಒಂದೇ ಕೆಲಸವನ್ನು ಮಾಡುತ್ತವೆ.

ಉಳಿದ ಹೆಸರುಗಳು ದೂರದಿಂದ ಬಂದವು. ತುಪಾಕಿಯ ಮೂಲ ತುರ್ಕಿ ಭಾಷೆಯಲ್ಲಿದೆ; ಬಂದೂಕು ಅರಬ್ಬಿಯ ಬಳುವಳಿ. ಕೋವಿಯೊಂದೇ ಮನೆಯ ಮಾತು. ಕೊಳವೆ ಎಂಬುದು ಅದರ ಹಳೆಯ ಅರ್ಥ. ಕೊಳವೆಯೊಳಗಿನಿಂದ ಗುಂಡು ಹಾರಿಸುವ ವಿದ್ಯೆಯಲ್ಲಿ ಪರದೇಶಿಗಳ ಕೈ ಎಷ್ಟು ನುರಿತಿತ್ತೆಂಬುದನ್ನು ಹಂಪೆಯ ಅರಸು ಕೃಷ್ಣದೇವರಾಯನು 1520ರಲ್ಲಿ ರಾಯಚೂರಿನ ಮುತ್ತಿಗೆಯಲ್ಲಿ ಕಂಡನು. ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ತುಗೀಸನು ತನ್ನ ಕೆಲವೇ ಮಂದಿ ಬಂದೂಕಿನವರೊಡನೆ ಕೋಟೆಯ ಮೇಲಿನ ಕಾವಲಿನವರನ್ನು ಹೊಡೆದುರುಳಿಸಿದ ಸಂಗತಿಯನ್ನು ನೂನಿಜನು ಬರೆದಿಟ್ಟಿದ್ದಾನೆ.

ಆ ಕಾಲದ ಬಂದೂಕಿಗೆ ತೋಟೆ ಎಂಬುದಿರಲಿಲ್ಲ. ಪ್ರತಿಯೊಂದು ಈಡನ್ನೂ ಹಿಡಿದವನೇ ತನ್ನ ಕೈಯಾರೆ ತುಂಬಬೇಕು. ನಮ್ಮ ಮಲೆನಾಡಿನ ಕೇಪಿನ ಕೋವಿಯ ಕ್ರಮ ಇಂದಿಗೂ ಹಾಗೆಯೇ ಉಂಟು: ಬಾಯಿಯಿಂದ ಮದ್ದು ಸುರಿದು, ನಾರನ್ನೋ ಬಟ್ಟೆಯ ಚೂರನ್ನೋ ಗಜದಿಂದ ಜಡಿದು, ಮೇಲೆ ಚರೆ ಹಾಕಿ, ಮತ್ತೆ ಜಡಿದು, ಕೊನೆಗೆ ಕುದುರೆಯ ಕೆಳಗೆ ಕೇಪನ್ನಿಡುವುದು. ಆ ಪುಟ್ಟ ಕೇಪಿನ ಮೂಲದಲ್ಲಿ ಒಬ್ಬ ಪಾದ್ರಿಯಿದ್ದಾನೆಂದರೆ ನಂಬುವುದು ಕಷ್ಟ. ಏಟು ಬಿದ್ದೊಡನೆ ಕಿಡಿಯುಗುಳುವ ರಾಸಾಯನಿಕದಿಂದ ಬಂದೂಕು ಹೊತ್ತಿಸುವ ಉಪಾಯಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್. ಹಕ್ಕಿ ಬೇಟೆಯ ಹುಚ್ಚಿನವನು.

ಅಳೆದ ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಸುತ್ತಿಟ್ಟುಕೊಂಡದ್ದೇ ಮೊದಲ ತೋಟೆ. ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತು. ಅದಕ್ಕೆ ಸವರಿದ ಕೊಬ್ಬು ಯಾವ ಪ್ರಾಣಿಯದೆಂಬ ಶಂಕೆ 1857ರಲ್ಲಿ ಎಬ್ಬಿಸಿದ ಬಿರುಗಾಳಿಯ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ವರ್ಷ ಕನ್ನಡ ನೆಲದಲ್ಲಿ ನಡೆದದ್ದು ಅಷ್ಟು ಪ್ರಸಿದ್ಧವಲ್ಲ. ಪರವಾನಗಿಯಿಲ್ಲದ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದಾಗ ಮುಧೋಳದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬಾಳಾದವನಿಗೆ ಕೋವಿ ಒಪ್ಪಿಸುವುದೆಂದರೆ ಕೈಯನ್ನೇ ಕಡಿದುಕೊಟ್ಟಂತೆ. ನವೆಂಬರಿನಲ್ಲಿ ಕುಂಪಣಿಯ ದಂಡು ಊರಿಗೆ ಬೆಂಕಿಯಿಟ್ಟಿತು. ಸೆರೆ ಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಜನ ಅದನ್ನು ಲಾವಣಿ ಕಟ್ಟಿ ಹಾಡಿದರು. ಆ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ ಎಂಬುದು ಇತಿಹಾಸದ ವಿನೋದ.

ಕಾಗದ ಹೋಗಿ ಹಿತ್ತಾಳೆ ಬಂದಮೇಲೆ ಹೊಸದೊಂದು ಸೌಕರ್ಯ ಹುಟ್ಟಿತು. ಹಿತ್ತಾಳೆಯ ತೋಟೆಯಲ್ಲಿ ನಾಲ್ಕೇ ಅಂಗ: ಕೋಶ, ಕೇಪು, ಮದ್ದು, ಗುಂಡು. ಈಡು ಹಾರಿದಾಗ ಉಳಿದ ಮೂರು ತೀರುತ್ತವೆ; ಕೋಶ ಮಾತ್ರ ತುಸು ಉಬ್ಬಿ, ಕೈಗೆ ಮರಳಿ ಬರುತ್ತದೆ. ಅದನ್ನು ತೊಳೆದು, ಹಳೆಯ ಕೇಪನ್ನು ತಳ್ಳಿ, ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತಂದು ಮತ್ತೆ ತುಂಬಬಾರದೇಕೆ? ಅಮೆರಿಕದಲ್ಲಿ ಇದು ಗೃಹಕೃತ್ಯವೇ ಆಯಿತು. ಇಲ್ಲಿ ಒಂದು ಚೋದ್ಯವಿದೆ. 1860ರ ದಶಕದಲ್ಲಿ ಆಂಗ್ಲನಾದ ಬಾಕ್ಸರ್ ಒಂದು ಬಗೆಯ ಕೇಪನ್ನೂ, ಅಮೆರಿಕದ ಬರ್ಡನ್ ಇನ್ನೊಂದು ಬಗೆಯನ್ನೂ ರೂಪಿಸಿದರು. ಬಾಕ್ಸರನ ಕ್ರಮದಲ್ಲಿ ಕೋಶದ ತಳದ ನಡುವೆ ಒಂದೇ ರಂಧ್ರ. ಒಳಗಿನಿಂದ ಕಡ್ಡಿ ಹಾಕಿ ತಳ್ಳಿದರೆ ಹಳೆಯ ಕೇಪು ಉದುರುತ್ತದೆ. ಬರ್ಡನನದರಲ್ಲಿ ಅಂಚಿಗೆ ಪುಟ್ಟ ರಂಧ್ರಗಳು, ಕಡ್ಡಿಗೆ ದಾರಿಯಿಲ್ಲ. ಆದರೆ ಅಮೆರಿಕದವರು ಆಂಗ್ಲನದನ್ನು ಹಿಡಿದರು, ಯೂರೋಪಿನ ಸೈನ್ಯಗಳು ಅಮೆರಿಕದವನದನ್ನು! ಮನೆಯಲ್ಲಿ ತೋಟೆ ತುಂಬುವ ಹವ್ಯಾಸ ಅಮೆರಿಕದಲ್ಲಿ ಬೆಳೆದುದಕ್ಕೆ ಆ ಒಂದು ರಂಧ್ರವೂ ಕಾರಣ.

ಹೊಸದಾಗಿ ಕೈಹಾಕುವವನಿಗೆ ಅಲ್ಲಿಯ ಅನುಭವಿಗಳು ಮೊದಲು ಹೇಳುವುದು ಯಂತ್ರದ ಮಾತನ್ನಲ್ಲ, ತಕ್ಕಡಿಯ ಮಾತನ್ನು. ಮದ್ದಿನ ತೂಕ ಗ್ರೇನುಗಳಲ್ಲಿ. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿಗೆ ಸುಮಾರು ಎರಡು ಗ್ರೇನು. ಹಳೆಯ ಕಪ್ಪು ಮದ್ದು ಸೈರಣೆಯುಳ್ಳದ್ದು. ಅಳತೆ ತುಸು ಹೆಚ್ಚಾದರೂ ಹೆಗಲಿಗೆ ಒದೆ ಕೊಟ್ಟು ಸುಮ್ಮನಾದೀತು. 1884ರಲ್ಲಿ ಫ್ರಾನ್ಸಿನ ವಿಯೆಯ್ ಕಂಡುಹಿಡಿದ ಹೊಗೆಯಿಲ್ಲದ ಮದ್ದು ಅಂಥದಲ್ಲ. ಕಪ್ಪು ಮದ್ದಿನ ಅಳತೆಯ ಬಟ್ಟಲಿನಲ್ಲಿ ಇದನ್ನು ತುಂಬಿದವನ ನಳಿಕೆ ಸೀಳುತ್ತದೆ; ಎದುರಿಗಿರುವ ಮೃಗಕ್ಕಿಂತ ಹಿಡಿದವನ ಕಣ್ಣಿಗೂ ಬೆರಳಿಗೂ ಆಗುವ ಹಾನಿಯೇ ಹೆಚ್ಚು. ತುಂಬುವಾಗ ಮಾತುಕತೆ ಬೇಡ, ಹೊಗೆಬತ್ತಿ ಬೇಡ, ಮೇಜಿನ ಮೇಲೆ ಎರಡು ಬಗೆಯ ಮದ್ದಿನ ಡಬ್ಬಿಗಳೂ ಬೇಡವೆಂಬುದು ಅವರ ನೇಮ. ಮಡಿಯಲ್ಲಿ ಅಡಿಗೆ ಮಾಡುವ ನಮ್ಮ ಅಜ್ಜಿಯಂದಿರಿಗೆ ಈ ಶಿಸ್ತು ಹೊಸದೆನಿಸದು.

ನಮ್ಮಲ್ಲಿ ಈ ಹವ್ಯಾಸಕ್ಕೆ ದಾರಿ ಬಹು ಕಿರಿದು. 1959ರ ಆಯುಧ ಕಾಯಿದೆಯ 5ನೆಯ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. 2019ರ ತಿದ್ದುಪಡಿಯ ತರುವಾಯ ಶಿಕ್ಷೆ ಇನ್ನೂ ಕಠಿಣ. ಆದರೆ ಅದೇ ಕಾಯಿದೆ ಬೆಳೆ ಕಾಯುವ ರೈತನನ್ನು ಮರೆತಿಲ್ಲ. ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಬೆಳೆರಕ್ಷಣೆಗಾಗಿ ಪ್ರಾಮಾಣಿಕವಾಗಿ ಬೇಡುವವನಿಗೆ ಪರವಾನಗಿ ಕೊಡುವ ಮಾತು 13ನೆಯ ಕಲಮಿನಲ್ಲಿ ಸ್ಪಷ್ಟವಾಗಿಯೇ ಇದೆ. ಕೊಡವರ ವಿಷಯ ಬೇರೆ: ಅವರಿಗೆ ಬ್ರಿಟಿಷರ ಕಾಲದಿಂದ ನಡೆದುಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷ ಮುಂದುವರಿಸಿತು.

ಬಯಲುಸೀಮೆಯ ರೈತನಿಗೆ ಅಂಥ ವಿನಾಯಿತಿಯಿಲ್ಲ. ತೋರಣಗಲ್ಲಿನ ನೆರೆಯ ಕುರೆಕುಪ್ಪದಿಂದ ದರೋಜಿ ದೂರವಲ್ಲ. ಅಲ್ಲಿ 1994ರಿಂದ ಕರಡಿಧಾಮವಿದೆ. ಕರಡಿಗೆ ಹೊಲದ ಗಡಿ ತಿಳಿಯದು. ಅದು ಬೆಳೆಗೆ ನುಗ್ಗಿದರೂ ಗುಂಡು ಹಾರಿಸುವಂತಿಲ್ಲ. 1972ರ ವನ್ಯಜೀವಿ ಕಾಯಿದೆ ಅದಕ್ಕೆ ಕಾವಲಿದೆ. ಕೋವಿಯ ಪರವಾನಗಿ ಕೈಯಲ್ಲಿದ್ದ ರೈತನೂ ಕರಡಿಯ ಮುಂದೆ ಹಳೆಯ ಡಬ್ಬವನ್ನೇ ಬಡಿಯಬೇಕು, ಇಲ್ಲವೆ ದೊಂದಿ ಹಿಡಿದು ಕೂಗಬೇಕು.